ಉಪವಾಸ ಮಾಡುವ ಕಂಪ್ಯೂಟರ್

ಒಂದು ಸ್ಕ್ರೂ ಹೊಸದಾಗಿತ್ತು.

ವಿಠ್ಠಲರಾಯರು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಕಂಪ್ಯೂಟರಿನ ಬೆನ್ನಿಗಿದ್ದ ಐದು ಸ್ಕ್ರೂಗಳಲ್ಲಿ ನಾಲ್ಕಕ್ಕೆ ತುಕ್ಕು ಹಿಡಿದಿತ್ತು, ಐದನೆಯದು ಹೊಳೆಯುತ್ತಿತ್ತು. ಹದಿನೈದು ವರ್ಷದಲ್ಲಿ ರಾಯರು ಅದನ್ನು ಒಮ್ಮೆಯೂ ಬಿಚ್ಚಿದವರಲ್ಲ. ಬಿಚ್ಚಿಲ್ಲ ಎಂಬುದೇ ಅವರ ದೊಡ್ಡ ಹೆಮ್ಮೆ. ಅಂದರೆ ಯಾರೋ ಬಿಚ್ಚಿದ್ದಾರೆ.

ಯಾರೋ ಏನು ಬಂತು? ಜಟ್ಟೆಪ್ಪ.

ಶಹಾಬಾದಿನ ಈ ನಿವೃತ್ತ ಗಣಿತ ಮಾಸ್ತರರಿಗೆ ಭಂಕೂರದ ಜಟ್ಟೆಪ್ಪನನ್ನು ಸಂಶಯಿಸಲು ಹೆಚ್ಚಿನ ಕಾರಣ ಬೇಕಿರಲಿಲ್ಲ. ೧೯೮೮ರಲ್ಲಿ ಇಬ್ಬರೂ ಒಂದೇ ರೈಲಿನಲ್ಲಿ ಹೈದರಾಬಾದಿಗೆ ಹೋಗಿ, ಒಂದೇ ಅಂಗಡಿಯಲ್ಲಿ ಒಂದೊಂದು ಸ್ಪೆಕ್ಟ್ರಮ್ ಕೊಂಡು ತಂದಿದ್ದರು. ಟೀವಿಗೆ ಜೋಡಿಸಿ, ಕ್ಯಾಸೆಟ್ಟಿನಿಂದ ಆಟ ತುಂಬಿಸಬೇಕಾದ ಪುಟ್ಟ ಕಪ್ಪು ಯಂತ್ರ. ೨೦೦೩ರ ಹೊತ್ತಿಗೆ ಲೋಕ ಅದನ್ನು ಮರೆತಿತ್ತು, ಇವರು ಮರೆತಿರಲಿಲ್ಲ. ತಿಂಗಳ ಮೊದಲ ಭಾನುವಾರ ರಾಯರ ಪಡಸಾಲೆಯಲ್ಲಿ ಬಳಗ ಸೇರುತ್ತಿತ್ತು. ವಾಡಿಯಿಂದ ಸೂಗಪ್ಪ ತನ್ನ ಹಳೆಯ ಅಟಾರಿ ಕಂಪ್ಯೂಟರ್ ತರುತ್ತಿದ್ದ, ಚಿತ್ತಾಪುರದಿಂದ ಮೆಹತಾಬ್ ತನ್ನ ಕಮೋಡೋರ್. ಯಾರ ಯಂತ್ರ ಚೆನ್ನಾಗಿ ಓಡುತ್ತದೆ ಎಂಬ ಪೈಪೋಟಿ, ರಾಯರ ಹೆಂಡತಿ ರುಕ್ಮಿಣಿಬಾಯಿಯ ಮಂಡಕ್ಕಿ ಸೂಸಲಾ, ಚಹಾ. ಗೆಲ್ಲುವವರು ಯಾವಾಗಲೂ ರಾಯರೇ.

ಜಟ್ಟೆಪ್ಪನ ಯಂತ್ರವೋ, ದೇವರಿಗೇ ಪ್ರೀತಿ. ಮೊದಲು ಅದರ ದನಿ ಹೋಯಿತು, ಆಮೇಲೆ ಬಣ್ಣ, ಆಮೇಲೆ ಕೀಲಿಮಣೆ. ಒಂದು ವರ್ಷದಿಂದ ಜೀವವೇ ಇಲ್ಲ. ಆದರೂ ಆತ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದು, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲಿಟ್ಟುಕೊಂಡು ಉಳಿದವರ ಆಟ ನೋಡುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಈ ಭಾನುವಾರ ಬಿಟ್ಟರೆ ಬೇರೆ ಖುಷಿ ಇರಲಿಲ್ಲ. ಹೊಟ್ಟೆಪಾಡಿಗೆ ರೇಡಿಯೋ ರಿಪೇರಿ ಮಾಡುವವನ ಕಂಪ್ಯೂಟರಿನ ಗತಿ ನೋಡಿ ಎಂದು ರಾಯರು ಪ್ರತಿ ಸಲವೂ ನಗುತ್ತಿದ್ದರು. ಕಂಪ್ಯೂಟರಿನ ಮುಂದೆ ನಾವೆಲ್ಲ ಸಮಾನರು ಎಂದೂ ಅವರೇ ಹೇಳುತ್ತಿದ್ದರು. ಆದರೆ ಜಟ್ಟೆಪ್ಪನನ್ನು ಆ ಸ್ಟೂಲಿನಿಂದ ಒಳಗೆ ಅವರು ಕರೆದದ್ದಿಲ್ಲ.

ರಾಯರ ಯಂತ್ರವೂ ಆಗಾಗ ಮುನಿಯುತ್ತಿತ್ತು. ಅದಕ್ಕೆ ಅವರ ಬಳಿ ದಿವ್ಯ ಔಷಧವಿತ್ತು. ಮಡಿಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟು ಬೀಗ ಹಾಕುವುದು. ಏಕಾದಶಿಯಂದು ರಾಯರು ಇಡೀ ದಿನ ಗುಡಿಯಲ್ಲಿ ಭಜನೆಗೆ ಕೂರುವರು, ಮನೆಯಲ್ಲಿ ಕಂಪ್ಯೂಟರಿಗೂ ಉಪವಾಸ. ದ್ವಾದಶಿಯ ಪಾರಣೆ ಮುಗಿಸಿ ಹಚ್ಚಿದರೆ ಮೊದಲಿನ ಹಾಗೆಯೇ ಓಡುತ್ತಿತ್ತು! ಮನುಷ್ಯನಿಗೆ ಹೇಗೋ ಯಂತ್ರಕ್ಕೂ ಹಾಗೆ, ವಿಶ್ರಾಂತಿಯೇ ವೈದ್ಯ ಎಂದು ರಾಯರು ಬಳಗಕ್ಕೆ ಉಪನ್ಯಾಸ ಕೊಡುತ್ತಿದ್ದರು. ಜಟ್ಟೆಪ್ಪ ತಲೆಯಾಡಿಸುತ್ತಿದ್ದ. ಪೆದ್ದನಿಗೆ ತಿಳಿದರೆ ತಾನೇ ಎಂದುಕೊಳ್ಳುತ್ತಿದ್ದರು ಗುರುಗಳು.

ಈಗ ಎಲ್ಲ ಸ್ಪಷ್ಟವಾಗಿತ್ತು. ತಾವು ಮನೆಯಲ್ಲಿಲ್ಲದಾಗ ಆ ಕಳ್ಳ ನುಗ್ಗಿ, ತಮ್ಮ ಯಂತ್ರದ ಗಟ್ಟಿ ಭಾಗ ಕದ್ದು ತನ್ನ ಸವಕಲು ಭಾಗ ಹಾಕಿದ್ದಾನೆ. ಸಾಬೀತು ಮಾಡುವುದೂ ಸುಲಭ. ಗಿರಾಕಿಗಳು ತಕರಾರು ತೆಗೆಯಬಾರದೆಂದು ಜಟ್ಟೆಪ್ಪ ತನ್ನ ಪ್ರತಿ ಸಾಮಾನಿಗೂ ಕೆಂಪು ನೇಲ್ ಪಾಲಿಶ್‌ನ ಚುಕ್ಕೆ ಇಡುವವನು. ತನ್ನ ಸ್ಪೆಕ್ಟ್ರಮ್ ತಂದ ದಿನವೇ ಅದನ್ನೂ ಬಿಚ್ಚಿ ಒಳಗೆಲ್ಲ ಚುಕ್ಕೆ ಇಟ್ಟಿದ್ದ. ಅವನ ಯಂತ್ರದಲ್ಲಿ ಚುಕ್ಕೆ ಇಲ್ಲದ್ದು ಏನು ಸಿಕ್ಕರೂ ಅದು ರಾಯರದೇ.

ಭಾನುವಾರ ಬಂತು. ರಾಯರು ಕುಶಲ ಕೇಳಲಿಲ್ಲ, ಹೊಸ ಸ್ಕ್ರೂ ತೋರಿಸಿ ನೇರವಾಗಿ ಆರೋಪ ಹೊರಿಸಿದರು. ಎರಡೂ ಸ್ಪೆಕ್ಟ್ರಮ್ ಇಲ್ಲೇ ಬಿಚ್ಚಬೇಕು ಎಂದರು.

“ಯಾರ ಮಷಿನ್‌ದಾಗ ಇನ್ನೊಬ್ಬರ ಸಾಮಾನ ಸಿಗ್ತದೋ, ಅವರು ಬಳಗಾ ಬಿಟ್ಟು ಹೋಗಬೇಕು. ಮತ್ತ ಈ ಹೊಸ್ತಿಲಾ ತುಳೀಬಾರದು.”

ಸೂಗಪ್ಪ, ಮೆಹತಾಬ್ ಒಪ್ಪಿದರು. ಜಟ್ಟೆಪ್ಪ ಟವೆಲ್ಲಿನ ಗಂಟನ್ನು ಎದೆಗವಚಿಕೊಂಡ.

“ಬಿಚ್ಚೋದು ಬ್ಯಾಡ್ರಿ ಸರ್. ನಾನೇ ಬಳಗಾ ಬಿಡ್ತೀನಿ.”

ಇನ್ನೇನು ಬೇಕು? ಕಳ್ಳ ತಾನಾಗಿಯೇ ಒಪ್ಪಿಕೊಂಡಂತಾಯಿತು. ಆದರೆ ರಾಯರಿಗೆ ಅಷ್ಟರಿಂದ ತೃಪ್ತಿಯಿಲ್ಲ. ನಾಲ್ಕು ಜನರೆದುರು ಅವನ ಮರ್ಯಾದೆ ಹೋಗಬೇಕು. ಗಂಟನ್ನು ಕಿತ್ತುಕೊಂಡು ಸೂಗಪ್ಪನ ಕೈಗೆ ಕೊಟ್ಟರು.

ಸೂಗಪ್ಪ ಸ್ಕ್ರೂ ತೆಗೆದು ಮುಚ್ಚಳ ಎತ್ತಿದ. ಒಳಗೆ ಏನೂ ಇರಲಿಲ್ಲ. ಒಂದು ತಂತಿಯೂ ಇಲ್ಲದ ಬರೀ ಡಬ್ಬಿ. ವರ್ಷವಿಡೀ ಆ ಮನುಷ್ಯ ಈ ಖಾಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಕದ್ದದ್ದನ್ನೂ ಮಾರಿಕೊಂಡಿದ್ದಾನೆ ಎಂದು ರಾಯರು ತೊಡೆ ತಟ್ಟಿದರು. ಇನ್ನು ತಮ್ಮದನ್ನೂ ನೋಡಿ, ಎಲ್ಲೆಲ್ಲಿ ಕೈ ಹಾಕಿದ್ದಾನೆಂದು ಲೆಕ್ಕ ಸಿಗಲಿ ಎಂದರು. ಮೆಹತಾಬ್ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದ. ಸ್ಪೀಕರಿನ ಮೇಲೆ ಕೆಂಪು ಚುಕ್ಕೆ. ಕೀಲಿಮಣೆಯ ಅಡಿಯಲ್ಲಿ ಕೆಂಪು ಚುಕ್ಕೆ. ಒಂದೊಂದು ಚಿಪ್‌ನ ಮೇಲೂ ಚುಕ್ಕೆ. ಚುಕ್ಕೆ ಇಲ್ಲದ ಒಂದೇ ಒಂದು ಭಾಗ ಹುಡುಕಿದರೂ ಸಿಗಲಿಲ್ಲ.

ಸೂಗಪ್ಪ ಗಂಟಲು ಸರಿಮಾಡಿಕೊಂಡ. “ಸರ್, ಇದರಾಗ ನಿಮ್ಮದು ಅನ್ನೋದು ಡಬ್ಬಿ ಒಂದೇ ಅದ. ನೀವು ಹೇಳಿದ ಪ್ರಕಾರ ಹೋಗಬೇಕಾದವರು ನೀವೇ ಆಗ್ತೀರಿ.”

ರಾಯರ ಮುಖ ಕಪ್ಪಿಟ್ಟಿತು. ಇದು ಜಟ್ಟೆಪ್ಪನದೇ ಹೂಟ, ತಮ್ಮನ್ನು ಓಡಿಸಲೆಂದೇ ತನ್ನ ಹಾಳುಮೂಳು ತುಂಬಿದ್ದಾನೆ ಎಂದು ಕೂಗಾಡಿದರು. ಜಟ್ಟೆಪ್ಪ ಖಾಲಿ ಡಬ್ಬಿಯನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತತೊಡಗಿದ. ರಾಯರು ಅವನ ಹತ್ತಿರ ಹೋಗಿ ಬೆರಳು ತೋರಿಸಿದರು.

“ನನ್ನ ಕಪಾಟಿಗೆ ಕೀಲಿ ಅದ. ಸ್ಟೂಲ್ ದಾಟಿ ಒಳಗ ನೀ ಹೆಂಗ ಬಂದಿ, ಹೇಳು.”

ಚಹಾದ ತಟ್ಟೆ ಹಿಡಿದು ಬಂದ ರುಕ್ಮಿಣಿಬಾಯಿ ಮೊದಲ ಕಪ್ಪನ್ನು ಜಟ್ಟೆಪ್ಪನ ಕೈಗೆ ಕೊಟ್ಟು, ಗಂಡನ ಕಡೆ ತಿರುಗಿದರು. “ಆ ಕೀಲಿಕೈ ನನ್ನ ಸೊಂಟದಾಗ ಇರ್ತದಲ್ರಿ. ನೀವು ಏಕಾದಶಿಗೆ ಗುಡಿಗೆ ಹೋದ ಮ್ಯಾಲೆ ನಾನೇ ಇವರಿಗೆ ಕರೆಸಿ, ನಡುಮನ್ಯಾಗ ನಿಮ್ಮ ಕುರ್ಚಿ ಮ್ಯಾಲೆ ಕುಂದ್ರಿಸ್ತಿದ್ದೆ. ಎರಡರಾಗ ಒಂದಾದ್ರೂ ಬದುಕ್ಲಿ ಅಂತ ಇವರು ತಮ್ಮದು ಬಿಚ್ಚಿ ನಿಮ್ಮದಕ್ಕ ಹಾಕ್ತಿದ್ರು.”