ವಾಲದ ವಠಾರ

ಹಿನ್ನೀರಿನ ಮೇಲೆ ತೇಲುವ ವಠಾರ ಜನ ಸೇರಿದ ಕಡೆಗೆ ವಾಲುತ್ತದೆ. ಊರುಗಳೆಲ್ಲ ಮುಳುಗಿದ ಮೇಲೆ ಹುಟ್ಟಿದವರಿಗೆ ಅದು ವಿಶೇಷವಲ್ಲ. ಒಲೆಗೊಂದು ಸರಪಳಿ, ತೊಟ್ಟಿಲಿಗೊಂದು ಹಗ್ಗ ಕಟ್ಟಿಕೊಂಡು ಬದುಕುತ್ತಾರೆ.

ಈರಭದ್ರಪ್ಪನಿಗೆ ಮಾತ್ರ ನೆಲ ಸಮವಾಗಿರಬೇಕು. ಲಕ್ವ ಹೊಡೆದು ಅವನ ಗಂಟಲಿನ ಎಡಭಾಗ ಸೋತಿದೆ. ನೆಟ್ಟಗೆ ಕೂತು, ಮುಖ ಎಡಕ್ಕೆ ತಿರುಗಿಸಿ, ಗದ್ದ ತಗ್ಗಿಸಿ ನುಂಗಿದರೆ ಗಂಜಿ ಸರಿಯಾಗಿ ಹೊಟ್ಟೆಗೆ ಇಳಿಯುತ್ತದೆ. ನೆಲ ವಾಲಿ ತಲೆ ಹಿಂದಕ್ಕೆ ಜಾರಿದರೆ ಶ್ವಾಸನಾಳಕ್ಕೆ ಹೋಗುತ್ತದೆ. ಇನ್ನೊಮ್ಮೆ ಹಾಗಾದರೆ, ಊಟಕ್ಕೆಂದು ಮೂಗಿಗೆ ಹಾಕಿ ನಿನ್ನೆ ತೆಗೆದ ನಳಿಗೆಯನ್ನು ಮತ್ತೆ ಹಾಕಬೇಕಾಗುತ್ತದೆ ಎಂದು ನರ್ಸ್ ಹೇಳಿಹೋಗಿದ್ದಾಳೆ.

ಹೆಂಡತಿ ಕಾಶವ್ವ ಮೊದಲ ಚಮಚ ಗಂಜಿ ಬಾಯಿಗಿಟ್ಟಳು. “ಗದ್ದ ಎದಿಗಿ ಹಚ್ರಿ. ಹಾಂ, ಈಗ ನುಂಗ್ರಿ.”

ಅಷ್ಟರಲ್ಲಿ ಹೊರಗೆ ಸಂತೆದೋಣಿಯ ಕಹಳೆ ಕೇಳಿಸಿತು. ದೋಣಿ ಬಂದು ನಿಂತ ಅಂಚಿಗೆ ವಠಾರದ ಜನರೆಲ್ಲ ಓಡುವುದು ರೂಢಿ. ಕಾಶವ್ವ ಚಮಚ ಬಿಟ್ಟು ಗಂಡನ ತಲೆಯನ್ನು ಎರಡೂ ಕೈಯಿಂದ ಹಿಡಿದಳು.

ನೆಲ ಅಲುಗಲಿಲ್ಲ.

“ಏ ದೋಣ್ಯಾಂವ, ಅಲ್ಲೇ ನಿಂದ್ರೋ! ಕಾಕಾ ಉಣ್ಣಾಕತ್ತಾರ!” ಪಕ್ಕದ ಮನೆಯ ಮಾಬೂಬಿ ಕೂಗುತ್ತಿದ್ದಳು.

“ಬದನೀಕಾಯಿ ಬಾಡ್ತಾವಬೇ!”

“ಬಾಡ್ಲಿ ಬಿಡೋ!”

ಈರಭದ್ರಪ್ಪನ ಗಂಟಲು ಮೇಲೇರಿ ಇಳಿಯಿತು. ಕೆಮ್ಮು ಬರಬಹುದೆಂದು ಕಾಶವ್ವ ಕಾದಳು.

“ಬಾಡಿದ್ದು ನನಗ ಕೊಡಾಕ ಹೇಳು,” ಎಂದ ಅವನು. “ಹೆಂಗೂ ಅರದು ತಿನ್ನಾಂವ ನಾನು.” ದನಿಯಲ್ಲಿ ಗೊರಗೊರ ಇರಲಿಲ್ಲ; ಗಂಜಿ ಸರಿಯಾದ ದಾರಿಯಲ್ಲೇ ಇಳಿದಿತ್ತು.

ಕಾಶವ್ವ ಬಾಗಿಲಿಗೆ ಬಂದಳು. ಎಲ್ಲರೂ ತಂತಮ್ಮ ಹೊಸ್ತಿಲಲ್ಲೇ ಚೀಲ ಹಿಡಿದು ನಿಂತಿದ್ದರು.

“ನುಂಗಿದ್ರವ್ವಾ! ನಿಮ್ಮ ಹೊಟ್ಟಿ ತಣ್ಣಗಿರ್ಲಿ!”

“ಇನ್ನೂ ಎಷ್ಟೈತಿ?” ಎಂದಳು ಮಾಬೂಬಿ.

“ಬಟ್ಟಲ ತುಂಬ ಐತಿ.”

ಮಾಬೂಬಿ ಹೊಸ್ತಿಲ ಮೇಲೆ ಕೂತುಬಿಟ್ಟಳು. ಅವಳನ್ನು ನೋಡಿ ಒಬ್ಬೊಬ್ಬರಾಗಿ ಎಲ್ಲರೂ ಕೂತರು.

“ನಿಧಾನಕ್ಕ ಉಣ್ಸು, ಹೋಗ.”