ಹುಳ ತಿಂದ ಬೆಟ್ಟ

ಬ್ರಿಟಿಷರ ಕಾಲದ ನಕ್ಷೆಯನ್ನು ಹುಳ ತಿಂದರೆ ಬೆಟ್ಟಕ್ಕೂ ತೂತು ಬೀಳುತ್ತದೆ. ಹಾಗಾಗಿ ನಕ್ಷೆ ರಿಪೇರಿಯ ಸಾತವ್ವನಿಗೆ ಪುರುಸೊತ್ತೇ ಇಲ್ಲ. ಇವತ್ತಂತೂ ದೂರದ ಕಾಡುಬೆಟ್ಟದ ತುದಿಯಲ್ಲಿ ಅವಳ ತಮ್ಮ ದುರಗಪ್ಪನೇ ಸಿಕ್ಕಿಬಿದ್ದಿದ್ದ. ಇಳಿಯುವ ದಾರಿಯನ್ನೇ ಹುಳ ತಿಂದಿತ್ತು.

ಮೈದಾ ಅಂಟು ಸವರಿ, ತೇಪೆ ಕೂರಿಸಿ, ಅವಳು ಎತ್ತರ ತೋರಿಸುವ ಗೆರೆಗಳನ್ನು ಎಳೆಯತೊಡಗಿದಳು.

"ಅಕ್ಕಾ, ಗೆರಿ ಒತ್ತೊತ್ತಾಗಿ ಹಾಕಬ್ಯಾಡ, ಗುಡ್ಡ ಕಡಿದಾಗತೈತಿ! ಇದೇನ್ ನಿನ್ನ ರಂಗೋಲಿ ಅಲ್ಲ," ಎಂದು ತಮ್ಮ ಫೋನಿನಲ್ಲಿ ಕೂಗಿದ.

"ಸುಮ್ನಿರೋ, ನೀ ಒದರಿದ್ರ ಗೆರಿ ಸೊಟ್ಟ ಆಗತೈತಿ."

ಕೊನೆಯ ಗೆರೆ ಮುಗಿಯುವಾಗ ನೀಲಿ ಶಾಯಿಯ ಹನಿಯೊಂದು ತೇಪೆಯ ಮೇಲೆ ಬಿತ್ತು. ಸಾತವ್ವ ಒರೆಸುವಷ್ಟರಲ್ಲಿ ಕಾಗದ ಅದನ್ನು ಹೀರಿಕೊಂಡಿತ್ತು.

"ತಮ್ಮಾ? ಅದಿಯೇನೋ?"

ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು.

"ಇಳಿದೆನವಾ," ಎಂದು ಅವನು ಪಿಸುಗುಟ್ಟಿದ. "ಇಲ್ಲೊಂದು ಕೆರಿ ಹುಟ್ಟೈತಿ. ಮೆಲ್ಲಕ ಮಾತಾಡು, ಜಿಂಕಿ ನೀರು ಕುಡ್ಯಾಕತ್ತಾವ."