ಬಾಗಿಲ ಬಳಿಯ ಟೈಪಿಸ್ಟ್

ಕಾರ್ಖಾನೆಯ ಗುಮಾಸ್ತರಲ್ಲಿ ಯಾರು ಯಾರು ಕಾರ್ಮಿಕ ಸಂಘಕ್ಕೆ ಸೇರತಕ್ಕವರು ಎಂಬ ಜಗಳ ಲೇಬರ್ ಆಫೀಸರ ಮುಂದೆ ಬಂದಿತ್ತು. ಯಾವುದರಲ್ಲೂ ಒಮ್ಮತವಿಲ್ಲದ ಮ್ಯಾನೇಜರೂ ಸಂಘದ ಅಧ್ಯಕ್ಷರೂ ಒಂದೇ ಒಂದು ವಿಷಯದಲ್ಲಿ ಒಪ್ಪಿದ್ದರು: ಮ್ಯಾನೇಜರ ಬಾಗಿಲ ಬಳಿ ಕೂರುವ ಟೈಪಿಸ್ಟ್ ವಾರಿಜಾ ಸಂಘಕ್ಕೆ ಬೇಡ. ಹೊರಗುಳಿದರೆ ಅವಳಿಗೆ ಸಂಬಳದ ಏರಿಕೆಯೂ ಇಲ್ಲ, ಕೆಲಸದ ಭದ್ರತೆಯೂ ಇಲ್ಲ. ಅವಳು ಸೆರಗಿನ ತುದಿ ಹಿಂಡುತ್ತ ತಲೆ ತಗ್ಗಿಸಿ ನಿಂತಿದ್ದಳು.

“ಇವಳು ಮ್ಯಾನೇಜರ ಚೇಲಾ ಸಾರ್!” ಅಧ್ಯಕ್ಷರು ಗುಡುಗಿದರು. “ನಾವು ಮುಷ್ಕರ ಅಂತ ಬಾಯಿ ಬಿಡೋಕೆ ಮುಂಚೆ ಗೇಟಲ್ಲಿ ಪೊಲೀಸರು! ಇನ್ಯಾರು ಹೇಳಿರ್ತಾರೆ?”

“ಅವಳು ನಮ್ಮವಳೇ ಅಂತ ಬರ್ಕೊಳ್ಳಿ,” ಎಂದು ಮ್ಯಾನೇಜರು ನಕ್ಕರು.

ಕಿಟಕಿಗೆ ಮುತ್ತಿಕೊಂಡಿದ್ದ ಗುಮಾಸ್ತರು, “ಥೂ, ಮನೆಹಾಳಿ!” ಎಂದು ಕೂಗಿದರು.

ಆಫೀಸರು ಅವಳತ್ತ ತಿರುಗಿದರು. “ಏನಮ್ಮಾ, ಸಂಘದ ಸುದ್ದಿ ಮ್ಯಾನೇಜರಿಗೆ ಹೇಳೋದು ನೀವೇನಾ?”

“ಇಲ್ಲ ಸಾರ್. ಸಂಘದ ಮಾತು ಬಂದ್ರೆ ಬಾಗಿಲು ಹಾಕ್ಕೋತಾರೆ. ನಾನು ಹೊರಗಿರ್ತೀನಿ. ಒಳಗಿರೋರಿಗೆ ಕಾಫಿ ತರಿಸಿಕೊಡ್ತೀನಿ, ಅಷ್ಟೇ.”

“ಒಳಗೆ ಮ್ಯಾನೇಜರ ಜೊತೆ ಯಾರಿರ್ತಾರೆ?”

ವಾರಿಜಾ ಮೊದಲ ಸಲ ತಲೆಯೆತ್ತಿ ಅಧ್ಯಕ್ಷರ ಮುಖ ನೋಡಿದಳು.

“ಇವರೇ ಸಾರ್. ಇವರ ಕಾಫಿಗೆ ಸಕ್ಕರೆ ಹಾಕೋ ಹಾಗಿಲ್ಲ.”